ಕಾಲಿಗೆ ಪ್ಲಾಸ್ಟರ್, ಎದುರಿಗೆ ಟಿವಿ: ಅಮ್ಮನ ಜೊತೆ ನೋಡಿದ ಐದು ಸಿನಿಮಾ

ಮೆಟ್ಟಿಲಲ್ಲಿ ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಥಿಯೇಟರಿಗೆ ಹೋಗುವ ಮಾತೇ ಇಲ್ಲ. ಸಂಜೆ ಆಯಿತೆಂದರೆ ಕಾಲು ದಿಂಬಿನ ಮೇಲೆ, ರಿಮೋಟ್ ಕೈಯಲ್ಲಿ, ಪಕ್ಕದಲ್ಲಿ ಅಮ್ಮ. ಅಮ್ಮನಿಗೆ ಎಪ್ಪತ್ನಾಲ್ಕು. ಬಲಗಿವಿ ಸ್ವಲ್ಪ ಮಂದ. ಶಾಲೆಯಲ್ಲಿ ಪಾಠ ಮಾಡಿದವಳು, ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾಳೆ, ಆದರೆ ನಿಧಾನಕ್ಕೆ. ಉದ್ದದ ಸಾಲು ಬಂದರೆ ನಾನು ಪಾಸ್ ಒತ್ತಬೇಕು. ಹೀಗೆ ನಿಲ್ಲಿಸಿ ನಿಲ್ಲಿಸಿ ನೋಡಿದರೂ ಯಾವ ಸಿನಿಮಾ ಉಳಿಯಿತು, ಯಾವುದು ಉಳಿಯಲಿಲ್ಲ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ಹಿಚ್‌ಕಾಕ್‌ನ ‘ರಿಯರ್ ವಿಂಡೋ’. 1954ರದ್ದು. ಕಾಲು ಮುರಿದಾಗ ನೋಡಲು ಇದಕ್ಕಿಂತ ಸರಿಯಾದ ಸಿನಿಮಾ ಇರಲಾರದು. ಅದರ ನಾಯಕ ಫೋಟೊಗ್ರಾಫರ್. ಅವನ ಕಾಲಿಗೂ ಪ್ಲಾಸ್ಟರ್, ಗಾಲಿಕುರ್ಚಿಯಲ್ಲಿ ಕೂತು ಹಿಂದಿನ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾ ದಿನ ಕಳೆಯುತ್ತಾನೆ, ಅಲ್ಲೊಂದು ಕೊಲೆ ಆಗಿದೆ ಎಂದು ಅನುಮಾನ ಪಡುತ್ತಾನೆ. ಶುರುವಿನಲ್ಲೇ ಕ್ಯಾಮೆರಾ ಅವನ ಕೋಣೆಯನ್ನೊಮ್ಮೆ ಸುತ್ತುತ್ತದೆ. ಪ್ಲಾಸ್ಟರ್ ಹಾಕಿದ ಕಾಲು, ಪುಡಿಯಾದ ಒಂದು ಕ್ಯಾಮೆರಾ, ರೇಸ್ ಕಾರು ಅಪಘಾತದ ಒಂದು ಫೋಟೊ. ಇವನು ಯಾರು, ಕಾಲು ಹೇಗೆ ಮುರಿಯಿತು, ಎಲ್ಲಾ ಗೊತ್ತಾಯಿತು. ಒಂದು ಮಾತೂ ಇಲ್ಲ.

ಆಮೇಲೆ ಅವನಿಗೆ ಪ್ಲಾಸ್ಟರ್ ಒಳಗೆ ತುರಿಕೆ ಶುರುವಾಗುತ್ತದೆ. ಉದ್ದದ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾನೆ. ಆ ಸುಖ ಅವನ ಮುಖದಲ್ಲಿ ಹರಡುವುದನ್ನು ನೋಡಿ ನನ್ನ ಕಾಲೂ ತುರಿಸಿತು. ಜೇಮ್ಸ್ ಸ್ಟೀವರ್ಟ್ ಎಂಥ ನಟ ಅನ್ನುವುದು ನನಗೆ ಅಲ್ಲಿ ಗೊತ್ತಾಯಿತು, ಕೊಲೆಯ ಗುಟ್ಟು ಬಿಚ್ಚುವ ಜಾಗದಲ್ಲಲ್ಲ.

ಅಂಗಳದ ಸುತ್ತಲಿನ ಆ ಮನೆಗಳೆಲ್ಲ ಸ್ಟುಡಿಯೋ ಒಳಗೆ ಕಟ್ಟಿದ ಸೆಟ್. ಶುರುವಿನ ಸಂಗೀತ ಮುಗಿದ ಮೇಲೆ ನಾವು ಕೇಳುವುದು ಬಹುಪಾಲು ಆ ಅಂಗಳದ್ದೇ ಸದ್ದು. ಯಾರದೋ ಪಿಯಾನೊ, ಯಾರದೋ ರೇಡಿಯೊ, ದೂರದ ಗಾಡಿ. ನಮ್ಮ ಫ್ಯಾನಿನ ಸದ್ದು, ಪಕ್ಕದ ಮನೆಯ ಬಾಗಿಲಿನ ಸದ್ದು ಅದರೊಳಗೆ ಸೇರಿಹೋದವು, ಏನೂ ಕೆಡಲಿಲ್ಲ. ಎದುರು ಮನೆಯಲ್ಲಿ ಒಂಟಿ ಹೆಂಗಸೊಬ್ಬಳು ಇಲ್ಲದ ಅತಿಥಿಗಾಗಿ ಮೇಜು ಸಿದ್ಧಮಾಡಿ, ಬಾಗಿಲು ತೆಗೆದು, ಖಾಲಿ ಕುರ್ಚಿಯ ಜೊತೆ ನಗುತ್ತಾಳೆ. ಅಮ್ಮ ಅಲ್ಲಿ ತಾನೇ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದಳು. ಕೊನೆಯವರೆಗೂ ಅಮ್ಮನ ಚಿಂತೆ ಅವಳದೇ. ಕೊಲೆಗಾರ ಸಿಕ್ಕಿದರೆಷ್ಟು ಬಿಟ್ಟರೆಷ್ಟು.

ಆ ಉಮೇದಿನಲ್ಲಿ ಮಾರನೇ ದಿನ ‘ಗ್ರಾವಿಟಿ’ ಹಾಕಿದೆ. ಅಲ್ಫೊನ್ಸೊ ಕ್ವಾರೋನ್ 2013ರಲ್ಲಿ ಮಾಡಿದ್ದು, ಬಾಹ್ಯಾಕಾಶದಲ್ಲಿ ನಡೆಯುವ ಕಥೆ, ಏಳು ಆಸ್ಕರ್ ಬಂದ ಸಿನಿಮಾ. ಶುರುವಿನಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಎಲ್ಲೂ ಕತ್ತರಿ ಬೀಳದಂತೆ ಕಾಣುವ ಒಂದೇ ಶಾಟ್ ಇದೆ. ಥಿಯೇಟರಿನಲ್ಲಿ ನೋಡಿದಾಗ ಕುರ್ಚಿಯ ಕೈ ಗಟ್ಟಿ ಹಿಡಿದಿದ್ದೆ. ಮನೆಯಲ್ಲಿ ಏನಾಯಿತೆಂದರೆ, ಆ ಕಪ್ಪು ಆಕಾಶದ ನಟ್ಟನಡುವೆ ನಮ್ಮ ಟ್ಯೂಬ್‌ಲೈಟ್ ಕಂಡಿತು. ಲೈಟ್ ಆರಿಸಿದರೆ ಕಿಟಕಿ ಕಂಡಿತು. ಗಾಳಿಯಿಲ್ಲದ ಕಡೆ ಸದ್ದು ಸಾಗುವುದಿಲ್ಲ. ಅದಕ್ಕೇ ಅಲ್ಲಿ ಎಂಥ ಅನಾಹುತ ಆದರೂ ಹೊರಗೆ ಮೌನ, ಆ ಮೌನವೇ ಭಯ. ನಮ್ಮ ಕೋಣೆಯಲ್ಲಿ ಮೌನ ಅಂದರೆ ಫ್ಯಾನ್ ತಿರುಗುವ ಸದ್ದು ಇನ್ನಷ್ಟು ಚೆನ್ನಾಗಿ ಕೇಳಿಸುವುದು ಅಷ್ಟೇ. ಸ್ಯಾಂಡ್ರಾ ಬುಲಕ್ ಒಬ್ಬಳೇ ತೇಲುತ್ತಾ ದೂರ ಹೋಗುವಾಗ ಅವಳು ನನ್ನ ಅಂಗೈಯಷ್ಟೂ ಇರಲಿಲ್ಲ. ಸಿನಿಮಾದ ತಪ್ಪಲ್ಲ ಇದು. ಆದರೂ ಮನೆಯಲ್ಲಿ ನೋಡಬೇಡಿ ಎಂದೇ ಹೇಳುತ್ತೇನೆ. ದೊಡ್ಡ ಪರದೆಗೆ ಮತ್ತೆ ಬಂದರೆ ಕಾದು ನೋಡಿ.

ಮೂರನೆಯದು ಸಿಡ್ನಿ ಲುಮೆಟ್‌ನ ‘ಟ್ವೆಲ್ವ್ ಆಂಗ್ರಿ ಮೆನ್’, 1957. ಹಾಕಿದ ಐದೇ ನಿಮಿಷಕ್ಕೆ ಅಮ್ಮ, “ಇದೇನು ಸೀರಿಯಲ್ ಥರ ಇದೆಯಲ್ಲ” ಅಂದಳು. ನಿಜ, ಮುಖಗಳು ವಿಚಿತ್ರವಾಗಿ ನುಣ್ಣಗೆ, ಜಾರಿದಂತೆ ಓಡಾಡುತ್ತಿದ್ದವು. ಟಿವಿಯ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಮೋಷನ್ ಸ್ಮೂದಿಂಗ್ ಆನ್ ಇತ್ತು. ಸಿನಿಮಾವನ್ನು ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದಿರುತ್ತಾರೆ. ಟಿವಿ ಅದರ ನಡುನಡುವೆ ತಾನೇ ಹೊಸ ಫ್ರೇಮ್ ಮಾಡಿ ತುಂಬುತ್ತದೆ. ಕ್ರಿಕೆಟ್ ನೋಡಲು ಅದು ಚೆನ್ನ, ಸಿನಿಮಾಕ್ಕೆ ದ್ರೋಹ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿರುತ್ತದೆ, ಹುಡುಕಿ ಆಫ್ ಮಾಡಿಬಿಡಿ. ‘ಫಿಲ್ಮ್‌ಮೇಕರ್ ಮೋಡ್’ ಅಂತ ಇದ್ದರೆ ಇನ್ನೂ ಸುಲಭ. ಅದೇ ಮೆನುವಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುವ ಆಯ್ಕೆಯೂ ಇತ್ತು. ಥಿಯೇಟರಿನ ಸರೌಂಡ್ ಸೌಂಡಿನಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ. ಟಿವಿಯ ಎರಡೇ ಸ್ಪೀಕರಿನಲ್ಲಿ ಎಲ್ಲಾ ಒಟ್ಟಿಗೆ ನುಗ್ಗಿದಾಗ ಸಂಗೀತದ ಕೆಳಗೆ ಮಾತು ಹೂತುಹೋಗುತ್ತದೆ. ಆ ಆಯ್ಕೆ ಹಾಕಿದ ಮೇಲೆ ಅಮ್ಮ “ಏನಂದ?” ಅಂತ ಕೇಳುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಮೊದಲೇ ಯಾಕೆ ನೋಡಲಿಲ್ಲ ಅಂತ ಬೇಜಾರಾಯಿತು, ಅಲ್ವಾ, ಎಷ್ಟು ಸಿನಿಮಾ ಹಾಗೇ ನೋಡಿದ್ದೇವೆ.

ಈ ಸಿನಿಮಾ ಒಂದು ಗಂಟೆ 36 ನಿಮಿಷ. ಹೆಚ್ಚುಕಡಿಮೆ ಪೂರ್ತಿ ಒಂದೇ ಕೋಣೆ. ತಂದೆಯನ್ನು ಕೊಂದ ಆರೋಪದ ಹುಡುಗನೊಬ್ಬನ ಮೇಲೆ ಹನ್ನೆರಡು ಜನ ಜ್ಯೂರಿ ಒಮ್ಮತದ ತೀರ್ಪು ಕೊಡಬೇಕು. ಮೊದಲ ಸಲ ಕೈ ಎತ್ತಿದಾಗ ಹನ್ನೊಂದು ಜನ ಅಪರಾಧಿ ಅನ್ನುತ್ತಾರೆ, ಒಬ್ಬ ಮಾತ್ರ ಅಲ್ಲ ಅನ್ನುತ್ತಾನೆ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಹೋಗ್ತಾ ಹೋಗ್ತಾ ಕೆಳಗಿಳಿಯುತ್ತದೆ, ಲೆನ್ಸೂ ಬದಲಾಗುತ್ತದೆ, ಕೊನೆಗೆ ಛಾವಣಿ ಕಾಣಲು ಶುರುವಾಗುತ್ತದೆ. ಗೋಡೆಗಳು ಹತ್ತಿರ ಬಂದವೇನೋ ಅನಿಸುತ್ತದೆ. ಆರು ವಾರ ಒಂದೇ ಕೋಣೆಯಲ್ಲಿ ಇದ್ದವರಿಗೆ ಆ ಉಸಿರುಗಟ್ಟುವಿಕೆ ಚೆನ್ನಾಗಿ ಗೊತ್ತಾಗುತ್ತದೆ. ಕನ್ನಡಕದ ವಿಷಯ ಬರುವ ಒಂದು ಜಾಗ ಇದೆ. ಏನು ಅಂತ ಹೇಳುವುದಿಲ್ಲ, ನೋಡದವರಿಗೆ ಅನ್ಯಾಯವಾಗುತ್ತದೆ. ಅಮ್ಮ ತನ್ನ ಕನ್ನಡಕ ತೆಗೆದು, ಮೂಗಿನ ಎರಡೂ ಕಡೆ ಬೆರಳಿಟ್ಟು ಮುಟ್ಟಿ ನೋಡಿಕೊಂಡಳು. ಇಡೀ ಸಿನಿಮಾಕ್ಕೆ ಪಾಸ್ ಒತ್ತಿದ್ದು ಎರಡೇ ಸಲ. ನನ್ನ ಮಟ್ಟಿಗೆ ಮನೆಯಲ್ಲಿ ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಹನ್ನೆರಡು ಮುಖ, ಅವು ಪರದೆ ತುಂಬಾ. ಟಿವಿ ಎಷ್ಟೇ ಚಿಕ್ಕದಿರಲಿ, ಮುಖಕ್ಕೆ ಜಾಗ ಸಾಕು.

ರಾಮ್ ರೆಡ್ಡಿಯವರ ‘ತಿಥಿ’ 2015ರದ್ದು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿವರೆಗಿನ ಕಥೆ. ನಟಿಸಿದವರು ಬಹುಪಾಲು ಮಂಡ್ಯ ಕಡೆಯ ಹಳ್ಳಿಯವರೇ, ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ಎಲ್ಲರೂ ಸೆಂಚುರಿ ಗೌಡನ ಮಗ ಗಡ್ಡಪ್ಪನ ಬಗ್ಗೆ ನಗುತ್ತಾ ಮಾತಾಡುತ್ತಾರೆ. ಆಸ್ತಿ, ದುಡ್ಡು ಯಾವುದೂ ಬೇಡದೆ ಸುಮ್ನೆ ನಡೆಯುತ್ತಲೇ ಇರುವ ಮುದುಕ ಅವನು. ನನಗೆ ಈ ಸಲ ಹಿಡಿದಿದ್ದು ರಾತ್ರಿ ಬೆಂಕಿಯ ಮುಂದೆ ಕುರಿಗಾಹಿಗಳ ಜೊತೆ ಕೂತು ಅವನು ತನ್ನ ಕಥೆ ಹೇಳುವ ಜಾಗ. ದನಿ ಏರುವುದಿಲ್ಲ, ಅಳುವುದಿಲ್ಲ, ಹಿನ್ನೆಲೆ ಸಂಗೀತ ಬಂದು ಇಲ್ಲಿ ಅಳಿ ಎಂದು ಹೇಳುವುದಿಲ್ಲ. ಅವನು ಯಾಕೆ ಹಾಗೆ ನಡೆಯುತ್ತಾನೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಮೊಮ್ಮಗನ ಪ್ರೇಮದ ಭಾಗ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ.

ಕೊನೆಗೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೇಮಂತ್ ರಾವ್ ಅವರ ಮೊದಲ ಸಿನಿಮಾ, 2016. ಕಾಣೆಯಾದವರ ಪ್ರಕಟಣೆಯಲ್ಲಿ ನಾವೆಲ್ಲ ಓದಿ ಮರೆತ ಮಾತನ್ನೇ ಹೆಸರಾಗಿ ಇಟ್ಟಿದ್ದಾರೆ. ಮರೆವಿನ ಕಾಯಿಲೆಯ ವೆಂಕೋಬರಾವ್ ಕಾಣೆಯಾಗುತ್ತಾರೆ, ಮಗ ಶಿವ ಹುಡುಕುತ್ತಾನೆ. ರೌಡಿಗಳ ಕಥೆ ಬಂದಾಗೆಲ್ಲ ಬೇಗ ಮುಗಿಯಬಾರದಾ ಅನಿಸಿತು. ಆದರೆ ಅನಂತ್ ನಾಗ್ ಬಂದರೆ ಬೇರೆಲ್ಲ ಮರೆತುಹೋಗುತ್ತದೆ. ಅವರು ಮರೆವನ್ನು ಕಣ್ಣಲ್ಲಿ ಮಾಡಿದ್ದಾರೆ. ಎದುರಿಗಿರುವವನನ್ನು ನೋಡುತ್ತಾರೆ, ಗುರುತು ಹತ್ತುವುದಿಲ್ಲ, ಆದರೂ ಮರ್ಯಾದೆಗೆ ನಗುತ್ತಾರೆ. ಆ ನಗು ನಮಗೆ ಗೊತ್ತಿರುವ ನಗು. ನನ್ನ ದೊಡ್ಡ ಮಾವನದ್ದು. ಕೊನೆಯ ಎರಡು ವರ್ಷ ಅವರು ಅಮ್ಮನನ್ನು ಹಾಗೇ ನೋಡಿ ನಗುತ್ತಿದ್ದರು, “ಕೂತ್ಕೊಳ್ಳಿ, ಯಾರ ಮನೆ ನಿಮ್ಮದು?” ಅಂತ ಕೇಳುತ್ತಿದ್ದರು. ಸ್ವಂತ ತಂಗಿಯನ್ನು.

ಅಮ್ಮ ನಡುವೆ ಎದ್ದು ಒಳಗೆ ಹೋದಳು. ನಾನು ಪಾಸ್ ಒತ್ತಿದೆ. ಅವತ್ತು ಮತ್ತೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಮಾರನೇ ಸಂಜೆ ಬಂದು ಪಕ್ಕದಲ್ಲಿ ಕೂತು, “ಸಿಕ್ಕಿದರಾ ಅವರು?” ಅಂದಳು. “ನಾನೂ ನೋಡಿಲ್ಲ ಅಮ್ಮ” ಅಂದೆ. ನಿಲ್ಲಿಸಿದ ಕಡೆಯಿಂದ ಹಾಕಿದೆ. ಮುಗಿದ ಮೇಲೆ ಆರಿಸಲು ಹೋದರೆ ಕೈ ಹಿಡಿದು, ಹೆಸರುಗಳೆಲ್ಲ ಹೋಗಲಿ ಇರು ಅಂದಳು.