ಮುಂಬೈ ಹತ್ತಿರದ ಡೊಂಬಿವಲಿಯ ಪುಟ್ಟ ಕೋಣೆಗೆ ಯಾವ ಡಿಫ್ಯೂಸರ್ ಸರಿ? ಮೂರು ಬಗೆ ಮಾಡಿ ನೋಡಿದ ಮೇಲೆ

ಡಿಫ್ಯೂಸರ್ ಅಂದರೆ ಗೋಡೆಗೆ ಹಾಕಿ ಸದ್ದನ್ನು ಚದುರಿಸುವ ಫಲಕ. ಮೊದಲೇ ಹೇಳಿಬಿಡುತ್ತೇನೆ. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಹಾಡು, ಮಾತು, ಹಾರ್ಮೋನಿಯಂ ರೆಕಾರ್ಡ್ ಮಾಡುವವರಿಗೆ ಬಾಗಿಸಿದ ಪ್ಲೈವುಡ್ಡಿನ ಡಿಫ್ಯೂಸರೇ ಸರಿ. ಲೆಕ್ಕ ಹಾಕಿ ಗೂಡು ಗೂಡಾಗಿ ಮಾಡುವ ಕ್ಯೂಆರ್‌ಡಿ (ಕ್ವಾಡ್ರಾಟಿಕ್ ರೆಸಿಡ್ಯೂ ಡಿಫ್ಯೂಸರ್) ತುಂಬಾ ಒಳ್ಳೆಯದು, ಆದರೆ ಅದಕ್ಕೆ ಎದುರುಗಡೆ ಜಾಗ ಬೇಕು. ಥರ್ಮಾಕೋಲಿನದು ಬಾಡಿಗೆ ಮನೆಯವರಿಗೆ ಅನುಕೂಲ. ಮೂರನ್ನೂ ಒಂದೇ ಕೋಣೆಯಲ್ಲಿ, ಒಂದೇ ಗೋಡೆಗೆ ಬದಲಿಸಿ ಬದಲಿಸಿ ಹಾಕಿ ಕೇಳಿದ್ದೇನೆ.

ನಾವು ಇಲ್ಲಿ ರೆಕಾರ್ಡ್ ಮಾಡುವುದು ದಾಸರ ಪದ ಮತ್ತು ತಾಳಮದ್ದಳೆ. ಗೋಡೆ ಇಟ್ಟಿಗೆಯದು, ನೆಲಕ್ಕೆ ಟೈಲ್ಸ್, ಮೇಲೆ ಸ್ಲ್ಯಾಬ್. ಭಾಗವತರು ಒಂದು ಸಲ ತಾಳ ತಟ್ಟಿದರೆ ಸಾಕು, ಕಂಚಿನ ನಾದದ ಬೆನ್ನಿಗೇ 'ಜಿರ್ರ್' ಅಂತ ಇನ್ನೊಂದು ಸದ್ದು ಬರುತ್ತಿತ್ತು. ಎದುರುಬದುರು ಗೋಡೆಗಳ ನಡುವೆ ಸದ್ದು ಸಿಕ್ಕಿಹಾಕಿಕೊಂಡು ಓಡಾಡುವುದರ ಲಕ್ಷಣ ಇದು. ಗೋಡೆಗಳ ನಡುವೆ 10 ಅಡಿ ಇದ್ದರೆ ಸದ್ದು ಸೆಕೆಂಡಿಗೆ ಸುಮಾರು 56 ಸಲ ಹೋಗಿ ಬರುತ್ತದೆ. ಮೈಕ್ ಇದನ್ನು ನಮ್ಮ ಕಿವಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಗೋಡೆ ತುಂಬಾ ಫೋಮ್ ಅಂಟಿಸಿದರೆ 'ಜಿರ್ರ್' ಹೋಗುತ್ತದೆ ನಿಜ. ಅದರ ಜೊತೆ ಕೋಣೆಯ ಜೀವವೂ ಹೋಗುತ್ತದೆ. ಮೇಲಿನ ಸ್ವರಗಳು ಸತ್ತು, ಕೆಳಗಿನ ಗುಂಯ್ ಮಾತ್ರ ಉಳಿಯುತ್ತದೆ. ಅರ್ಥಧಾರಿಗಳಿಗೆ ತಮ್ಮ ಧ್ವನಿ ತಮಗೆ ವಾಪಸ್ ಬರದಿದ್ದರೆ ಗಂಟಲು ಜಾಸ್ತಿ ಎತ್ತುತ್ತಾರೆ, ಅರ್ಧ ಗಂಟೆಯಲ್ಲಿ ಸುಸ್ತಾಗುತ್ತಾರೆ. ಅದಕ್ಕೇ ಡಿಫ್ಯೂಸರ್ ಬೇಕು. ಅದು ಸದ್ದನ್ನು ನುಂಗುವುದಿಲ್ಲ, ಹತ್ತು ದಿಕ್ಕಿಗೆ ಚದುರಿಸಿ ಕಳಿಸುತ್ತದೆ.

ಒಂದು ಮಾತು. ಕೋಣೆಯ ಮೂಲೆಗಳಿಗೆ ದಪ್ಪ ರಾಕ್‌ವೂಲ್ (ಕಲ್ಲಿನ ನಾರಿನಿಂದ ಮಾಡಿದ, ಸದ್ದು ಹೀರುವ ಹಾಸು) ಹಾಕದೆ ಡಿಫ್ಯೂಸರಿಗೆ ಕೈ ಹಾಕಬೇಡಿ. ಕೆಳಗಿನ ಸ್ವರಗಳ ಗುಂಯ್‌ಗುಡುವಿಕೆಗೆ ಇಷ್ಟು ತೆಳು ಡಿಫ್ಯೂಸರ್ ಹೆಚ್ಚೇನೂ ಮಾಡಲಾರದು. ಹೊರಗಿನ ಲೋಕಲ್ ಟ್ರೇನಿನ ಹಾರ್ನ್ ಕೂಡ ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ಕಿಟಕಿ, ಬಾಗಿಲಿನ ಸಂದು ಮುಚ್ಚಬೇಕು. ಇನ್ನು ಮೊಟ್ಟೆಯ ಟ್ರೇ. ತೆಳು ರಟ್ಟು, ಒಂದಿಷ್ಟು ಮೇಲಿನ ಸದ್ದು ಹೀರುತ್ತದೆ ಅಷ್ಟೇ. ಬೆಂಕಿ ತಗುಲಿದರೆ ಧಗ್ಗೆನ್ನುವ ಅದನ್ನು ಮನೆಯೊಳಗೆ ಯಾಕೆ ಅಂಟಿಸಬೇಕು?

ಕ್ಯೂಆರ್‌ಡಿ ವಿಷಯಕ್ಕೆ ಬರೋಣ. ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1970ರ ದಶಕದಲ್ಲಿ ಕೊಟ್ಟ ಲೆಕ್ಕ ಇದು. ನನಗೆ ಈ ಲೆಕ್ಕದ ಮೇಲೆ ನಿಜವಾಗಿಯೂ ಪ್ರೀತಿ. 0ಯಿಂದ 6ರವರೆಗಿನ ಅಂಕಿಗಳ ವರ್ಗ ತೆಗೆಯಿರಿ, ಪ್ರತಿಯೊಂದನ್ನೂ 7ರಿಂದ ಭಾಗಿಸಿ, ಶೇಷ ಬರೆದುಕೊಳ್ಳಿ. 0, 1, 4, 2, 2, 4, 1 ಬರುತ್ತದೆ. ಏಳು ಗೂಡುಗಳ ಆಳ ಇದೇ ಅನುಪಾತದಲ್ಲಿರಬೇಕು. ನಾನು ಒಂದು ಅಂಶಕ್ಕೆ 25 ಮಿ.ಮೀ ಹಿಡಿದೆ. ಅಂದರೆ ಅತಿ ಆಳದ ಗೂಡು 100 ಮಿ.ಮೀ. ಈ ಅಳತೆಗೆ ಚದುರಿಸುವ ಕೆಲಸ ಸುಮಾರು 1000 ಹರ್ಟ್ಝ್‌ನಿಂದ ಶುರು. ಗೂಡಿನ ಅಗಲ 5 ಸೆಂ.ಮೀ ಇಟ್ಟರೆ ಲೆಕ್ಕ ಸುಮಾರು 3400 ಹರ್ಟ್ಝ್‌ವರೆಗೆ ಸರಿಯಾಗಿ ಕೂರುತ್ತದೆ. ಮಾತಿನ ಸ್ಪಷ್ಟತೆಯ ಬಹುಪಾಲು ಇದೇ ಹರವಿನಲ್ಲಿದೆ.

ಪ್ಲೈ ತುಂಡುಗಳನ್ನು ಉಲ್ಲಾಸನಗರದ ಫರ್ನಿಚರ್ ಬಜಾರಿನಿಂದ ತಂದೆ. ಅಲ್ಲಿ ಕಟ್ಟಿಂಗ್ ಆಗಿ ಉಳಿದ ಪಟ್ಟಿಗಳು ಕಡಿಮೆ ರೇಟಿಗೆ ಸಿಗುತ್ತವೆ. ಆದರೂ ಬಡಗಿಯ ಮಜೂರಿ ಸೇರಿ ಎರಡು ಪ್ಯಾನೆಲ್ಲಿಗೆ 5000 ರೂಪಾಯಿ ದಾಟಿತು. ಗೂಡುಗಳ ನಡುವಿನ ತೆಳು ಪಟ್ಟಿಗಳನ್ನು ನೆಟ್ಟಗೆ ಕೂರಿಸುವುದೇ ದೊಡ್ಡ ಕೆಲಸ. ಸಂದುಗಳನ್ನೆಲ್ಲ ಫೆವಿಕಾಲ್ ಹಾಕಿ ಪೂರ್ತಿ ಮುಚ್ಚಬೇಕು. ಗಾಳಿ ನುಸುಳಿದರೆ ಗೂಡು ಸದ್ದನ್ನು ಚದುರಿಸುವ ಬದಲು ಹೀರತೊಡಗುತ್ತದೆ.

ಫಲ? ಮಿಕ್ಸಿಂಗ್ ಮಾಡುವ ಕುರ್ಚಿಯ ಹಿಂದೆ, 5 ಅಡಿ ದೂರದಲ್ಲಿಟ್ಟಾಗ ಸೊಗಸು. ಹಿಂದಿನ ಗೋಡೆ ಇನ್ನೂ ದೂರ ಸರಿದ ಹಾಗೆ ಅನಿಸಿತು. ಮದ್ದಳೆ ಎಲ್ಲಿದೆ, ಭಾಗವತರು ಎಲ್ಲಿದ್ದಾರೆ ಅಂತ ಬೆರಳು ಮಾಡಿ ತೋರಿಸಬಹುದಿತ್ತು. ಆದರೆ ಹಾಡುವವರನ್ನು ಅದರ ಮುಂದೆ 2 ಅಡಿಯಲ್ಲಿ ಕೂರಿಸಿದಾಗ ಹಾರ್ಮೋನಿಯಮ್ಮಿನ ಕೆಲವು ಸ್ವರ ಪೊಳ್ಳಾದವು. ಬೇರೆ ಬೇರೆ ಆಳದ ಗೂಡುಗಳಿಂದ ಬರುವ ಸದ್ದು ಒಂದರೊಳಗೊಂದು ಬೆರೆಯಲು ದೂರ ಬೇಕು. ಚದುರಿಸುವ ಅತಿ ಕೆಳಗಿನ ಸ್ವರದ ಅಲೆಯ ಉದ್ದದ ಮೂರು ಪಟ್ಟು ಅಂತ ಒಂದು ಅಂದಾಜು ಲೆಕ್ಕ ಇದೆ. 1000 ಹರ್ಟ್ಝ್‌ಗೆ ಅದು ಸುಮಾರು 1 ಮೀಟರ್. ನಮ್ಮ ಮುಂಬೈ ಕಡೆಯ ಬೆಡ್‌ರೂಮಿನಲ್ಲಿ ಮೈಕ್ ಸ್ಟ್ಯಾಂಡ್, ಹಾರ್ಮೋನಿಯಂ, ಇಬ್ಬರು ಜನ ಕೂತ ಮೇಲೆ ಅಷ್ಟು ಜಾಗ ಎಲ್ಲಿ ಉಳಿಯುತ್ತದೆ?

ಥರ್ಮಾಕೋಲಿನ ಡಿಫ್ಯೂಸರ್ ಎತ್ತರ ತಗ್ಗಿನ ಚೌಕ ತುಂಡುಗಳದ್ದು. ಇದು ಅಕ್ಕಪಕ್ಕಕ್ಕೂ ಮೇಲೆ ಕೆಳಗೂ ಚದುರಿಸುತ್ತದೆ. ನಿಲ್ಲಿಸಿದ ಕ್ಯೂಆರ್‌ಡಿ ಅಕ್ಕಪಕ್ಕಕ್ಕೆ ಮಾತ್ರ. ಮಹಾರಾಷ್ಟ್ರದಲ್ಲಿ 2018ರಿಂದ ಅಲಂಕಾರದ ಥರ್ಮಾಕೋಲಿಗೆ ನಿಷೇಧವಿದೆ. ಹಾಗಾಗಿ ಗಣಪತಿ ಕೂರಿಸುವ ಮಂಟಪದ ಹಗುರ ಶೀಟ್ ಹುಡುಕಬೇಡಿ, ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಗಟ್ಟಿ ಶೀಟ್ ಕೇಳಿ. ಬಿಸಿ ತಂತಿಯಲ್ಲಿ ಕತ್ತರಿಸಬೇಕು, ಅದೂ ಕಿಟಕಿ ತೆರೆದಿಟ್ಟು. ಆ ಹೊಗೆ ಒಳ್ಳೆಯದಲ್ಲ. ಸ್ಪ್ರೇ ಪೇಂಟ್ ಹೊಡೆದರೆ ಥರ್ಮಾಕೋಲ್ ಕರಗಿ ಹೋಗುತ್ತದೆ. ನೀರಿನಲ್ಲಿ ಕಲಸುವ ಪೇಂಟನ್ನೇ ದಪ್ಪಗೆ ಬಳಿಯಿರಿ, ಮೇಲ್ಮೈ ಗಟ್ಟಿಯಾದಷ್ಟೂ ಸದ್ದು ಚೆನ್ನಾಗಿ ವಾಪಸ್ ಬರುತ್ತದೆ. ತೂಕವೇ ಇಲ್ಲ, ಡಬಲ್ ಟೇಪಿನಲ್ಲಿ ನಿಲ್ಲುತ್ತದೆ. ತಾಳದ 'ಜಿರ್ರ್' ಹೋಯಿತು. ಆದರೆ ಗಂಡಸರ ಧ್ವನಿಯ ತುಂಬುತನ ಮರದಲ್ಲಿ ಬಂದಷ್ಟು ಬರಲಿಲ್ಲ. ಹಗುರ ವಸ್ತು ಕೆಳಗಿನ ಸ್ವರಗಳನ್ನು ತಡೆಯುವುದಿಲ್ಲ ಅಲ್ವಾ. ವೈರ್, ದೀಪದಿಂದ ಇದನ್ನು ದೂರ ಇಡಲೇಬೇಕು, ಇದೂ ಬೇಗ ಹೊತ್ತಿಕೊಳ್ಳುವ ವಸ್ತು.

ಈಗ ಬಾಗಿದ ಪ್ಲೈ. 1940ರ ದಶಕದಲ್ಲೇ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹಳೇ ಉಪಾಯ. ಬಡಗಿಗಳು ಸೋಫಾ, ಕೌಂಟರಿಗೆ ಹಾಕುವ ಫ್ಲೆಕ್ಸಿ ಪ್ಲೈ ತೆಗೆದುಕೊಳ್ಳಿ. 70 ಸೆಂ.ಮೀ ಅಗಲದ ಹಾಳೆಯನ್ನು 60 ಸೆಂ.ಮೀ ಚೌಕಟ್ಟಿಗೆ ಒತ್ತಿ ಬಾಗಿಸಿದರೆ ನಡುಹೊಟ್ಟೆ 15 ಸೆಂ.ಮೀ ಮುಂದೆ ಬರುತ್ತದೆ. ಹಿಂದಿನಿಂದ ಕಮಾನಿನ ಆಕಾರದ ಪಟ್ಟಿಗಳ ಆಸರೆ ಕೊಡಿ, ಅವುಗಳ ನಡುವಿನ ಅಂತರ ಬೇಕೆಂದೇ ಹೆಚ್ಚುಕಮ್ಮಿ ಇರಲಿ. ಸಮ ಅಂತರವಾದರೆ ಹಾಳೆ ಒಂದೇ ಶ್ರುತಿಯಲ್ಲಿ ಮದ್ದಳೆಯ ಹಾಗೆ ಗುಡುಗುತ್ತದೆ. ಹೊಟ್ಟೆಯೊಳಗೆ ರಾಕ್‌ವೂಲ್ ತುಂಬಿ. ಆಗ ಆ ಗುಡುಗು ಸತ್ತು, ಹಾಳೆಯೇ ಕೆಳಗಿನ ಸ್ವರಗಳನ್ನು ಒಂದಷ್ಟು ಹೀರುತ್ತದೆ. ಇದು ಉಳಿದೆರಡರಲ್ಲಿ ಸಿಗದ ಲಾಭ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು.

ಇಂಥ ಎರಡು ಪ್ಯಾನೆಲ್ಲಿಗೂ ಸೇರಿ ಖರ್ಚು ಕ್ಯೂಆರ್‌ಡಿಯ ಅರ್ಧದಷ್ಟೂ ಆಗಲಿಲ್ಲ. ಲೆಕ್ಕದ ಪ್ರಕಾರ ಕ್ಯೂಆರ್‌ಡಿಯಷ್ಟು ಸಮನಾಗಿ ಇದು ಹರಡುವುದಿಲ್ಲ, ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅಳೆದಾಗಲೂ ಆ ವ್ಯತ್ಯಾಸ ಕಂಡಿತು. ಆದರೆ 2 ಅಡಿ ಹತ್ತಿರ ಕೂತು ಹಾಡಿದರೂ ಯಾವ ಸ್ವರವೂ ಪೊಳ್ಳಾಗಲಿಲ್ಲ. ತಾಳದ ನಾದ ತನ್ನಷ್ಟಕ್ಕೆ ತೆಳುವಾಗುತ್ತಾ ಹೋಗಿ ನಿಂತಿತು, ಹಿಂದೆ ಏನೂ ಅಂಟಿಕೊಳ್ಳಲಿಲ್ಲ. ನಮ್ಮ ಹಿರಿಯ ಅರ್ಥಧಾರಿಗಳು ಒಂದು ಪ್ರಸಂಗದ ಮಾತು ಪೂರ್ತಿ ಆಡಿ ಮುಗಿಸಿ, "ಈಗ ನನ್ನ ಸ್ವರ ನಂಗೆ ಕೇಳ್ತದೆ ಮಾರಾಯ್ರೇ, ಕೂಗುವ ಕೆಲಸ ಇಲ್ಲ" ಅಂದರು. ನನಗೆ ಯಾವ ಗ್ರಾಫಿಗಿಂತಲೂ ಈ ಮಾತು ದೊಡ್ಡದು.

ಈಗ ಹಾಡುವವರ ಎದುರು, ಪಕ್ಕದಲ್ಲಿ ಬಾಗಿದ ಪ್ಲೈ ಇದೆ. ಕ್ಯೂಆರ್‌ಡಿ ಮಿಕ್ಸಿಂಗ್ ಕುರ್ಚಿಯ ಹಿಂದಿನ ಗೋಡೆಗೆ. ಥರ್ಮಾಕೋಲಿನದನ್ನು ಬಾಡಿಗೆ ಕೋಣೆಯಲ್ಲಿರುವ ಗೆಳೆಯನಿಗೆ ಕೊಟ್ಟೆ. ಸದ್ಯಕ್ಕೆ ಏನನ್ನೂ ಮಾಡಲಾಗದವರು ಪುಸ್ತಕದ ಕಪಾಟನ್ನು ಹಿಂದಿನ ಗೋಡೆಗೆ ತಂದು, ಪುಸ್ತಕಗಳನ್ನು ಒಳಗೆ ಹೊರಗೆ ಮಾಡಿ ಜೋಡಿಸಿ. ಸುಮ್ನೆ ಬರೀ ಗೋಡೆ ಬಿಡುವುದಕ್ಕಿಂತ ಎಷ್ಟೋ ವಾಸಿ.

ಮರದ್ದು ಮಾಡುವವರಿಗೆ ಮಳೆಗಾಲದ ಒಂದು ಎಚ್ಚರ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಜುಲೈ ಹೊತ್ತಿಗೆ ಉಬ್ಬುತ್ತದೆ. ಚೌಕಟ್ಟಿಗೆ ನೀರು ತಡೆಯುವ ಬಿಡಬ್ಲ್ಯುಆರ್ ಪ್ಲೈ ಹಾಕಿಸಿ, ಹಿಂಬದಿಗೂ ಪಾಲಿಶ್ ಹೊಡೆಸಿ. ಹೊರಗೋಡೆಗೆ ತಾಗಿಸಿ ನೇತು ಹಾಕಬೇಡಿ. ಎರಡು ಬೆರಳು ಜಾಗ ಬಿಟ್ಟರೆ ಗಾಳಿ ಆಡಿ ಬೂಸ್ಟು ಹಿಡಿಯುವುದಿಲ್ಲ, ರಾಕ್‌ವೂಲ್ ಕೂಡ ಒಣಗಿಯೇ ಇರುತ್ತದೆ.