ಕುಂದರಾಕ ಎಲ್ಲಿ ಛಲೋ? ವಿಜಯಪುರದ ನಾಲ್ಕು ಜಾಗ, ಒಂದು ಬ್ಯಾಸಿಗಿ

ಅವ್ವನಿಗೆ ಮೊಣಕಾಲು ನೋವು. ದಿನಾ ಅರ್ಧ ತಾಸು ಅಡ್ಡಾಡಬೇಕು, ನಡುನಡುವೆ ಕೂಡಬೇಕು ಅಂತ ಡಾಕ್ಟರು ಹೇಳಿದರು. ನಾವಿರೋದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ; ಮುಂದೆ ಕಟ್ಟೆಯೂ ಇಲ್ಲ, ಅಂಗಳವೂ ಇಲ್ಲ. ಹಾಗಾಗಿ ಯುಗಾದಿಯಿಂದ ಕಾರಹುಣ್ಣಿಮೆವರೆಗೆ ಅವ್ವನನ್ನೂ ಏಳು ವರ್ಷದ ಮಗಳನ್ನೂ ಕರಕೊಂಡು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಮತ್ತು ನಮ್ಮ ಬಡಾವಣೆಯ ಪಾರ್ಕು, ಈ ನಾಲ್ಕನ್ನೂ ತಿರುಗಿ ತಿರುಗಿ ನೋಡಿದೆ. ನೋಡಿದ್ದು ಪ್ರವಾಸಿಯಾಗಿ ಅಲ್ಲ. ನೆರಳೆಲ್ಲಿ, ಕೂಡೋಕೆ ಜಾಗ ಎಲ್ಲಿ, ಹುಡುಗಿಗೆ ಓಡೋಕೆ ಎಷ್ಟು ಬಯಲು, ಇಷ್ಟೇ ನನ್ನ ಲೆಕ್ಕ.

ಬೆಳಗಿನ ನಡಿಗೆಗೆ ಗೋಳಗುಮ್ಮಟವನ್ನು ಮೀರಿಸೋದು ಇಲ್ಲ. ಗೇಟಿನಿಂದ ಹಿಂದೆ ನಗಾರಿ ಬಾರಿಸುತ್ತಿದ್ದ ನಗಾರಖಾನೆಯ ಮ್ಯೂಸಿಯಂವರೆಗೆ ಗೆರೆ ಎಳೆದ ಹಾಗೆ ನೆಟ್ಟಗಿನ ದಾರಿ. ಮುಂದೆ ಎಷ್ಟು ನಡೆಯೋದಿದೆ ಅನ್ನೋದು ಕಣ್ಣಿಗೇ ಕಾಣುತ್ತದೆ. ಮೊಣಕಾಲು ನೋವಿದ್ದವರಿಗೆ ಇದು ಸಣ್ಣ ಧೈರ್ಯವಲ್ಲ. ಹೋಗಿ ಬಂದು ಎರಡು ಸಲ ಮಾಡಿದರೆ ಅವ್ವನ ಪಾಲಿನ ನಡಿಗೆ ಮುಗಿಯಿತು.

ಕೂಡುವ ಜಾಗದ ಗುಟ್ಟು ತಿಳಿಯೋಕೆ ನನಗೆ ಒಂದು ವಾರ ಬೇಕಾಯಿತು. ಮುಂಜಾನೆ ಸೂರ್ಯ ಗುಮ್ಮಟದ ಹಿಂದಿರುವಾಗ ಅದರ ನೆರಳು ಪಶ್ಚಿಮಕ್ಕೆ, ಮಸೀದಿಯ ಕಡೆಗೆ ಬೀಳುತ್ತದೆ. ಹೊರಸುತ್ತಿನಲ್ಲಿ 44 ಮೀಟರ್ ಅಗಲದ ಗುಮ್ಮಟ, ಅದರ ಕೆಳಗೆ ಅಷ್ಟು ದೊಡ್ಡ ಕಟ್ಟಡ: ಇಂಥ ಕೊಡೆ ಊರಲ್ಲಿ ಇನ್ನೆಲ್ಲಿದೆ? ಆದರೆ ಹೊತ್ತೇರಿದಂತೆ ನೆರಳು ಗೋಡೆಯ ಬುಡಕ್ಕೆ ಸರಿಯುತ್ತದೆ. ಆಮೇಲೆ ಉಳಿಯೋದು ಹುಲ್ಲು. ಈ ಹುಲ್ಲುಹಾಸು ಊರನ್ನಾಳಿದ ಆದಿಲ್‌ಶಾಹಿಗಳದ್ದಲ್ಲ, ಬ್ರಿಟಿಷರ ಕಾಲದ ರೂಢಿ. ಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲೇ, 1651ರಲ್ಲಿ, ಬೇಗಂ ತಾಲಾಬ್ ಅನ್ನೋ ಕೆರೆ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ಕುಡಿಯುವ ನೀರಿಗೇ ಅಷ್ಟು ಪಾಡು ಬಿದ್ದ ಊರಿದು. ಇಲ್ಲಿ ಹುಲ್ಲಿಗೆ ನೀರುಣಿಸೋದು ನೋಡಿದರೆ ನನ್ನ ಹೊಟ್ಟೆ ಒಂದಿಷ್ಟು ಉರಿಯುತ್ತದೆ. ಅವ್ವನ ತಕರಾರು ಬೇರೆ: "ಹುಲ್ಲ ನೋಡಾಕ ಛಂದ ಐತಿ ತಮ್ಮಾ. ಕುಂತಮ್ಯಾಲ ಎಬ್ಬಸಾಕ ನಾಕ ಮಂದಿ ಬೇಕು."

ಮಗಳಿಗಂತೂ ಮೇಲೆ ಹತ್ತುವ ಹಟ. ಒಂದು ದಿನ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿಸಿ ಪಿಸುಗುಟ್ಟುವ ಗ್ಯಾಲರಿಗೆ ಕರಕೊಂಡು ಹೋದೆ. "ಆಯೀ" ಅಂತ ಅಜ್ಜಿಯನ್ನು ಕೂಗಿದಳು, ಗುಮ್ಮಟ ಮತ್ತೆ ಮತ್ತೆ ಕೂಗಿತು. ಕೆಳಗೆ ಹೊರಗೆ ಕುಳಿತಿದ್ದ ಆಯಿಗೆ ಒಂದೂ ಕೇಳಿಸಿರಲಿಲ್ಲ.

ಇನ್ನು ರೋಜಾ. ಊರಿನ ಪಶ್ಚಿಮಕ್ಕಿದೆ, ನಮಗೆ ದೂರ. ಆಟೊ ಖರ್ಚು, ಮೇಲೆ ದೊಡ್ಡವರಿಬ್ಬರ ಟಿಕೆಟ್ಟು (ಹದಿನೈದರ ಕೆಳಗಿನವರಿಗೆ ಇಲ್ಲ). ದಿನಾ ಹೋಗೋ ಮಾತಲ್ಲ. ಆದರೂ ಕೂಡುವವರ ಮನಸ್ಸು ತಿಳಿದು ಕಟ್ಟಿದ ಜಾಗ ಅಂದರೆ ಇದೇ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ ಪೂರ್ವಕ್ಕೆ, ಅದಕ್ಕೆ ಮುಖಮಾಡಿ ಮಸೀದಿ ಪಶ್ಚಿಮಕ್ಕೆ, ನಡುವೆ ಕಾರಂಜಿಯ ಹೊಂಡ, ಎರಡಕ್ಕೂ ಒಂದೇ ಜಗಲಿ. ಬೆಳಗ್ಗೆ ಸಮಾಧಿಯ ಪಡಸಾಲೆಯಲ್ಲಿ ಹೊಂಡದ ಕಡೆಗೆ ನೆರಳು. ಮಧ್ಯಾಹ್ನ ಹೊರಳಿದ ಮೇಲೆ ಎದುರಿನ ಮಸೀದಿಯ ಮುಂಭಾಗಕ್ಕೆ ನೆರಳು. ಹೊತ್ತು ತಿರುಗಿದ ಹಾಗೆ ನಾವೂ ಹೊಂಡದ ಈ ಬದಿಯಿಂದ ಆ ಬದಿಗೆ ಹೋಗಿ ಕೂತರಾಯಿತು. ಸಮಾಧಿಯ ಸುತ್ತಲೂ ಕಮಾನಿನ ಪಡಸಾಲೆ, ಗೋಡೆ ತುಂಬ ಕಲ್ಲಿನ ಅಕ್ಷರ. ಓದಲು ಬಾರದಿದ್ದರೂ ಮಗಳು ಬೆರಳಿನಿಂದ ಗಾಳಿಯಲ್ಲೇ ಅವನ್ನು ತಿದ್ದುತ್ತ ಕೂತಳು. ಮೇಲೆ ಗಿಳಿಗಳ ಗದ್ದಲ.

ಎಲ್ಲಾ ಒಳ್ಳೆಯದೇ ಅಂತಲ್ಲ. ಜಗಲಿಗೆ ಮೆಟ್ಟಿಲು ಹತ್ತಬೇಕು, ಚಪ್ಪಲಿ ಕೆಳಗೇ ಬಿಡಬೇಕು. ಮೇ ತಿಂಗಳಲ್ಲಿ ಹನ್ನೊಂದಕ್ಕೆಲ್ಲ ಹಾಸುಗಲ್ಲು ಹೆಂಚಾಗಿತ್ತು. ಅವ್ವ ಸೆರಗು ಹಿಡಕೊಂಡು ನೆರಳಿಗೆ ಓಡಿದ್ದು ನೋಡಿ, ನೋವು ಎಲ್ಲಿ ಹೋಯಿತು ಅಂತ ಕೇಳಿ ಬೈಸಿಕೊಂಡೆ.

ಬಾರಾ ಕಮಾನ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಎರಡನೇ ಅಲಿ ಆದಿಲ್‌ಶಾಹನ ಸಮಾಧಿ, 1672ಕ್ಕೆ ಅರ್ಧಕ್ಕೇ ನಿಂತಿತು. ಚಾವಣಿ ಇಲ್ಲದ ಮೇಲೆ ನೆರಳಿನ ಮಾತೇನು! ಕಮಾನಿನ ನೆರಳು ಒಬ್ಬರಿಗೆ ಸಾಕು, ಅದೂ ಸರಿಯುತ್ತಿರುತ್ತದೆ. ಹಗಲೆಲ್ಲ ಕಾದ ಕರಿಕಲ್ಲು ಸಂಜೆಗೂ ಬೆಚ್ಚಗೇ ಇರುತ್ತದೆ. ಊರ ನಡುವೆ ಇದೆ, ಸಂತಿ ಮುಗಿಸಿ ಹತ್ತು ನಿಮಿಷ ದಣಿವಾರಿಸಿಕೊಳ್ಳಬಹುದು. ಫೋಟೊ ತೆಗೆಸಿಕೊಳ್ಳುವ ಹುಡುಗರಿಗೆ ಸ್ವರ್ಗ.

ಕೊನೆಗೆ ಬಡಾವಣೆಯ ಪಾರ್ಕು. ಯಾವ ಬಡಾವಣೆ ಅಂತ ಬೇಡ, ಎಲ್ಲ ಕಡೆ ಇಂಥದೇ ಒಂದಿರುತ್ತದೆ. ಸಿಮೆಂಟಿನ ಪೇವರ್ ದಾರಿ, ಹಳದಿ ನೀಲಿ ಬಣ್ಣದ ಜಿಮ್ಮಿನ ಸಾಮಾನು, ಕಾಂಪೌಂಡಿನ ಉದ್ದಕ್ಕೂ ಕಂಬದ ಹಾಗೆ ನೆಟ್ಟಗೆ ನಿಂತ ಅಶೋಕದ ಗಿಡಗಳು. ಅಶೋಕದ ನೆರಳು ಅದರ ಕಾಲಡಿಗೇ ಸಾಲದು. ಬೇವು ಅನ್ನೋದು ಈ ನೆಲದಲ್ಲಿ ಬೇಡವೆಂದರೂ ಬೆಳೆಯುತ್ತದೆ, ಆದರೆ ಎಲೆ ಉದುರುತ್ತವೆ, ಕಸ ಹೊಡೆಯೋದು ಯಾರು ಅನ್ನೋ ಮಾತು. ಬೆಂಚು ಗ್ರಾನೈಟಿನವು, ಒರಗಲು ಬೆನ್ನಿಲ್ಲ. ಅವ್ವ ಮೊದಲ ದಿನವೇ ಗೇಣು ಹಾಕಿ ಅಳೆದಳು: ನೆಲದಿಂದ ಒಂದು ಗೇಣು, ಮೇಲೆ ನಾಲ್ಕು ಬೆರಳು. "ನಮ್ಮ ಊರಾಗಿನ ಕಟ್ಟಿ ಎರಡ ಗೇಣ ಇತ್ತು. ಕುಂತರೂ ಎದ್ದರೂ ಗೊತ್ತಾಗತಿರಲಿಲ್ಲ. ಇದನ್ನ ಮಾಡಿದಾಂವ ಒಮ್ಮೆರೆ ಕುಂತಾನೇನು?" ತಗಡಿನ ಜಾರುಬಂಡಿ ನಾಲ್ಕು ಗಂಟೆಗೆ ಮುಟ್ಟುವ ಹಾಗಿರಲಿಲ್ಲ, ಮಗಳು ಒಮ್ಮೆ ಜಾರಿ ತೊಡೆ ಕೆಂಪಗೆ ಮಾಡಿಕೊಂಡಳು.

ಹಾಗಿದ್ದೂ ವಾರದಲ್ಲಿ ಐದು ದಿನ ನಾವು ಹೋಗೋದು ಅಲ್ಲಿಗೇ. ನಮ್ಮ ಊರಲ್ಲಿ ಬೇಸಿಗೆಯ ದಿನ ಶುರುವಾಗೋದೇ ಹೊತ್ತು ಮುಳುಗಿದ ಮೇಲೆ. ಸ್ಮಾರಕಗಳ ಗೇಟು ಮುಚ್ಚುವ ಹೊತ್ತಿಗೆ ಇಲ್ಲಿ ದೀಪ ಹತ್ತುತ್ತವೆ, ಜಾರುಬಂಡಿ ಆರುತ್ತದೆ, ಗೇಟಿನ ಹೊರಗೆ ಗಿರ್ಮಿಟ್ ಗಾಡಿ ಬಂದು ನಿಲ್ಲುತ್ತದೆ. ಮನೆಯಿಂದ ಮುನ್ನೂರು ಹೆಜ್ಜೆ, ಟಿಕೆಟ್ಟಿಲ್ಲ. ಭಾನುವಾರ ಬೆಳಗ್ಗೆ ಗುಮ್ಮಟ, ತಿಂಗಳಿಗೊಮ್ಮೆ ರೋಜಾ.

ಬೆಂಚಿನ ಎತ್ತರಕ್ಕೆ ಅವ್ವನೇ ದಾರಿ ಹುಡುಕಿದ್ದಾಳೆ. ಹಳೇ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಒಯ್ಯುತ್ತಾಳೆ. ಈಗ ಆ ಸಾಲಿನ ಬೆಂಚುಗಳ ಮೇಲೆ ಸಂಜೆಗೆ ಐದಾರು ಕೌದಿ ಇರುತ್ತವೆ. ಮೊನ್ನೆ ಮನೆಗೆ ಬಂದು ನೋಡಿದರೆ ಚೀಲದಲ್ಲಿದ್ದದ್ದು ಬೇರೆ ಯಾರದೋ ಕೌದಿ. ನಮ್ಮದಕ್ಕಿಂತ ದಪ್ಪ ಇದೆ ಅಂತ ಅವ್ವ ಇನ್ನೂ ವಾಪಸ್ ಕೊಟ್ಟಿಲ್ಲ.