ತುಂಗಾ, ಯಾವೂರು ನಿಂದು?

ನಮ್ಮಲ್ಲಿ ಹೆಸರು ಕೇಳಿದ ಮೇಲೆ ಮುಂದಿನ ಪ್ರಶ್ನೆ ‘ಯಾವೂರು?’ ಅಂತ. ಕಂಪ್ಯೂಟರನ್ನೂ ಹಾಗೇ ಕೇಳಬೇಕಾಗುತ್ತದೆ. ಮನೆಯ ಡೆಬಿಯನ್ ಲಿನಕ್ಸ್ ಯಂತ್ರಕ್ಕೆ ನಾನಿಟ್ಟ ಹೆಸರು ತುಂಗಾ. ಊರು ಸೇರಿಸಿದರೆ ‘ತುಂಗಾ.ಎಕ್ಸಾಂಪಲ್.ಕಾಮ್’. ನಿಜವಾದ ಡೊಮೈನ್ ಬೇರೆ, ಇಲ್ಲಿಗೆ ಇದು ಸಾಕು. ಈ ಪೂರ್ತಿ ಹೆಸರಿಗೇ ಎಫ್‌ಕ್ಯೂಡಿಎನ್ (ಫುಲ್ಲಿ ಕ್ವಾಲಿಫೈಡ್ ಡೊಮೈನ್ ನೇಮ್) ಅನ್ನುವುದು.

ಇದರ ಗೊಡವೆ ಶುರುವಾಗಿದ್ದು ಬ್ಯಾಕಪ್ ವರದಿಯನ್ನು ಮೇಲ್ ಮಾಡುವ ಒಂದು ಪೈಥಾನ್ ಸ್ಕ್ರಿಪ್ಟ್‌ನಿಂದ. ಪೈಥಾನ್‌ನಲ್ಲಿ ಮೇಲ್ ಕಳಿಸುವ ಲೈಬ್ರರಿ ಎಸ್‌ಎಂಟಿಪಿಲಿಬ್, ಮೇಲ್ ಸರ್ವರ್‌ಗೆ ಪರಿಚಯ ಹೇಳಿಕೊಳ್ಳುವ ಮೊದಲು ಯಂತ್ರದ ಪೂರ್ತಿ ಹೆಸರು ಹುಡುಕುತ್ತದೆ. ಚುಕ್ಕೆ ಇರುವ ಹೆಸರು ಸಿಗದಿದ್ದರೆ ಐಪಿ ವಿಳಾಸವನ್ನೇ ಚೌಕ ಆವರಣದಲ್ಲಿ ಹಾಕಿ ಕಳಿಸುತ್ತದೆ. ನನ್ನ ಸ್ಕ್ರಿಪ್ಟ್ ‘[127.0.1.1]’ ಅಂತ ಹೇಳಿಕೊಂಡಿತು. ಅದು ಯಂತ್ರ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ, ಹೊರಗಿನವರಿಗೆ ಅರ್ಥವಿಲ್ಲ. ಆಚೆಯವರು ಮೇಲ್ ಬೇಡ ಎಂದರು. ತಪ್ಪು ನನ್ನದೇ ಅನ್ನಿ.

ಸರಿ, ಇರುವ ದಾರಿಗಳನ್ನೆಲ್ಲ ಒಂದು ಭಾನುವಾರ ಕೂತು ಪರೀಕ್ಷೆ ಮಾಡಿದೆ.

ಮೊದಲು ‘ಹೋಸ್ಟ್‌ನೇಮ್ -ಎಫ್’ ಕಮಾಂಡ್. ಇದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಿಂದ ಚಿಕ್ಕ ಹೆಸರು ತೆಗೆದುಕೊಂಡು, ‘ಗೆಟ್‌ಆ್ಯಡ್ರ್‌ಇನ್ಫೋ’ ಫಂಕ್ಷನ್‌ಗೆ ಕೊಟ್ಟು, ‘ಇದರ ಅಧಿಕೃತ ಹೆಸರೇನು?’ ಎಂದು ಕೇಳುತ್ತದೆ. ಉತ್ತರ ಸಾಮಾನ್ಯವಾಗಿ ಬರುವುದು ಐಪಿ ಮತ್ತು ಹೆಸರುಗಳ ಪಟ್ಟಿಯಾದ, ಇಟಿಸಿ ಫೋಲ್ಡರ್‌ನ ಹೋಸ್ಟ್ಸ್ ಫೈಲಿನಿಂದ. ಅಲ್ಲಿ ಐಪಿ ಆದಮೇಲೆ ಮೊದಲು ಯಾವ ಹೆಸರಿದೆಯೋ ಅದೇ ಅಧಿಕೃತ. ನನ್ನ ಫೈಲಿನಲ್ಲಿ 127.0.1.1ರ ಮುಂದೆ ಬರೀ ‘ತುಂಗಾ’ ಇತ್ತು. ಪೂರ್ತಿ ಹೆಸರನ್ನು ‘ತುಂಗಾ’ ಆದಮೇಲೆ ಸೇರಿಸಿದೆ, ಏನೂ ಬದಲಾಗಲಿಲ್ಲ. ‘ತುಂಗಾ’ಗಿಂತ ಮೊದಲಿಗೆ ತಂದೆ, ತಕ್ಷಣ ಸರಿಹೋಯಿತು. ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದು ಇಷ್ಟಕ್ಕೇ!

ಎರಡನೆಯದು ಪೈಥಾನ್‌ನ ‘ಗೆಟ್‌ಎಫ್‌ಕ್ಯೂಡಿಎನ್’. ಇದು ಹೆಸರಿನಿಂದ ಐಪಿಗೆ ಹೋಗಿ, ಐಪಿಯಿಂದ ಮತ್ತೆ ಹೆಸರಿಗೆ ಬರುತ್ತದೆ. ಸಿಕ್ಕ ಹೆಸರುಗಳಲ್ಲಿ ಚುಕ್ಕೆ ಇರುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಹಾಗಾಗಿ ಹೋಸ್ಟ್ಸ್ ಫೈಲಿನ ಕ್ರಮ ತಪ್ಪಿದ್ದರೂ ನಡೆಯುತ್ತದೆ. ಉಪಕಾರ ಅನ್ನಿಸುತ್ತದೆ, ಅಲ್ವಾ? ಆದರೆ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಇದೇ ಫಂಕ್ಷನ್ ಸೊನ್ನೆಗಳ ಸರಮಾಲೆ ಕೊಟ್ಟು ಕೊನೆಗೆ ‘ಐಪಿ6.ಆರ್ಪಾ’ ಎಂದಿತು. ಅದು ಹೆಸರಲ್ಲ, ಐಪಿಯಿಂದ ಹೆಸರು ಹುಡುಕುವಾಗ ಡಿಎನ್‌ಎಸ್‌ಗೆ (ಇಂಟರ್ನೆಟ್ಟಿನ ಹೆಸರು-ವಿಳಾಸಗಳ ಡೈರೆಕ್ಟರಿಗೆ) ಕೇಳುವ ಪ್ರಶ್ನೆ. ಪ್ರಶ್ನೆಯೇ ಉತ್ತರವಾಗಿ ವಾಪಸ್ ಬಂದಿತ್ತು. ಚುಕ್ಕೆಗಳಂತೂ ಬೇಕಾದಷ್ಟಿದ್ದವು, ಪೈಥಾನ್ ಒಪ್ಪಿಕೊಂಡುಬಿಟ್ಟಿತು.

ಜಾವಾದ ‘ಗೆಟ್‌ಕೆನಾನಿಕಲ್‌ಹೋಸ್ಟ್‌ನೇಮ್’ ಕೂಡ ಹಿಂದುಮುಂದಾಗಿಯೇ ಹುಡುಕುತ್ತದೆ, ಆದರೆ ಅನುಮಾನದ ಪ್ರಾಣಿ. ಸಿಕ್ಕ ಹೆಸರು ಮತ್ತೆ ಅದೇ ಐಪಿಗೆ ಬರುತ್ತದೋ ಎಂದು ನೋಡುತ್ತದೆ. ಬರದಿದ್ದರೆ ಐಪಿಯನ್ನೇ ಅಕ್ಷರಗಳಾಗಿ ಕೊಡುತ್ತದೆ. ಗೋ ಭಾಷೆಯ ‘ಓಎಸ್.ಹೋಸ್ಟ್‌ನೇಮ್’ ಈ ತಂಟೆಗೇ ಬರುವುದಿಲ್ಲ, ಕರ್ನಲ್ ಹೇಳಿದ್ದನ್ನಷ್ಟೇ ಒಪ್ಪಿಸುತ್ತದೆ.

ಕೆಟ್ಟ ದಿನ ಇವು ಹೇಗಿರುತ್ತವೆ ನೋಡೋಣ ಎಂದು ಹೋಸ್ಟ್ಸ್ ಫೈಲಿನ ಆ ಸಾಲು ತೆಗೆದು, ಡಿಎನ್‌ಎಸ್ ಸರ್ವರ್ ಜಾಗದಲ್ಲಿ ಯಾರೂ ಇಲ್ಲದ ಐಪಿ ಹಾಕಿದೆ. ಲಿನಕ್ಸ್ ಒಂದು ಪ್ರಶ್ನೆಗೆ 5 ಸೆಕೆಂಡ್ ಕಾಯುತ್ತದೆ, 2 ಸಲ ಪ್ರಯತ್ನಿಸುತ್ತದೆ. ಅಂದರೆ ಕನಿಷ್ಠ 10 ಸೆಕೆಂಡ್ ಸುಮ್ನೆ ಕೂರುವುದು. ಆಮೇಲೆ ‘ಹೋಸ್ಟ್‌ನೇಮ್ -ಎಫ್’ ದೂರು ಹೇಳಿ ನಿಂತಿತು. ಜಾವಾ ತನ್ನ ಯಂತ್ರದ ಐಪಿ ಹುಡುಕುವ ಮೊದಲ ಹಂತದಲ್ಲೇ ಎಡವಿ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯಿತು. ಪೈಥಾನ್ ಏನೂ ಆಗಿಲ್ಲ ಎನ್ನುವಂತೆ ‘ತುಂಗಾ’ ಎಂದಿತು. ನನಗೆ ಈ ಮೂರನೆಯದೇ ಜಾಸ್ತಿ ಭಯ. ಜಗಳ ಮಾಡುವವರನ್ನು ಸಂಭಾಳಿಸಬಹುದು, ನಗುತ್ತಾ ಅರ್ಧ ಸತ್ಯ ಹೇಳುವವರನ್ನು ಕಷ್ಟ.

‘ಹೋಸ್ಟ್‌ನೇಮ್’ಗೆ ದೊಡ್ಡ ‘ಎ’ ಕೊಟ್ಟರೆ ಲೂಪ್‌ಬ್ಯಾಕ್ (127ರಿಂದ ಶುರುವಾಗುವಂಥ, ಯಂತ್ರದೊಳಗಿನ ವಿಳಾಸ) ಬಿಟ್ಟು ಉಳಿದ ನೆಟ್‌ವರ್ಕ್ ವಿಳಾಸಗಳ ಹೆಸರುಗಳೂ ಬರುತ್ತವೆ. ಕಮಾಂಡ್‌ನ ಕೈಪಿಡಿ, ಅಂದರೆ ಮ್ಯಾನ್ ಪೇಜ್, ಇದನ್ನೇ ಬಳಸಿ ಎನ್ನುತ್ತದೆ. ಕ್ರಮವನ್ನು ನಂಬಬೇಡಿ ಎಂದೂ ಅದೇ ಹೇಳುತ್ತದೆ. ನನಗೆ ಬಂದದ್ದು ರೌಟರ್ ಇಟ್ಟ ಹೆಸರು, ‘ತುಂಗಾ.ಲ್ಯಾನ್’. ಮನೆಯೊಳಗೆ ಅದು ನಿಜ, ಮೇಲ್ ಸರ್ವರ್‌ಗೆ ಅದರಿಂದ ಏನು ಪ್ರಯೋಜನ? ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ ಯಂತ್ರ ಬಾಡಿಗೆಗೆ ತೆಗೆದುಕೊಂಡರೂ ಇದೇ ಕತೆ. ‘ಎಪಿ-ಸೌತ್-1.ಕಂಪ್ಯೂಟ್.ಇಂಟರ್ನಲ್’ ಎಂದು ಮುಗಿಯುವ ಹೆಸರು ಪೂರ್ತಿಯೇ ಹೌದು, ಆದರೆ ಹೊರಗಿನವರಿಗೆ ಆ ಊರಿನ ದಾರಿ ಗೊತ್ತಿಲ್ಲ. ಒಂದು ಯಂತ್ರದೊಳಗೇ ಪ್ರತ್ಯೇಕ ಪೆಟ್ಟಿಗೆಯಂತೆ ಓಡುವ ಡಾಕರ್ ಕಂಟೇನರ್ ಇನ್ನೂ ಪಾಪ. ಹೆಸರು ಕೊಡದಿದ್ದರೆ 12 ಅಕ್ಷರ-ಅಂಕಿಗಳ ಐಡಿಯೇ ಅದರ ಹೆಸರು, ಊರೇ ಇಲ್ಲ.

ಈಗ ನಾನು ಬಳಸುವುದು ಪೈಥಾನ್‌ನಲ್ಲೇ ಇರುವ ‘ಗೆಟ್‌ಆ್ಯಡ್ರ್‌ಇನ್ಫೋ’, ಅಧಿಕೃತ ಹೆಸರು ಕೇಳುವ ‘ಎಐ_ಕೆನಾನ್‌ನೇಮ್’ ಫ್ಲ್ಯಾಗ್ ಜೊತೆ. ಇದು ಐಪಿಯಿಂದ ಹಿಂದಕ್ಕೆ ಹುಡುಕುವುದಿಲ್ಲ. ಸೋತರೆ ಸೋತೆ ಎನ್ನುತ್ತದೆ. ಬಂದ ಹೆಸರಿನಲ್ಲಿ ಚುಕ್ಕೆ ಇಲ್ಲದಿದ್ದರೆ ನನ್ನ ಕೋಡ್ ಅಲ್ಲೇ ನಿಲ್ಲುತ್ತದೆ. ಇದು ಲಾಗ್ ಫೈಲಿಗೆ ಮಾತ್ರ. ಮೇಲ್ ಸ್ಕ್ರಿಪ್ಟ್‌ನಲ್ಲಿ ಹುಡುಕುವ ಆಟವೇ ಬೇಡವೆಂದು ಎಸ್‌ಎಂಟಿಪಿಲಿಬ್‌ನ ‘ಲೋಕಲ್_ಹೋಸ್ಟ್‌ನೇಮ್’ಗೆ ಪೂರ್ತಿ ಹೆಸರನ್ನು ಕೈಯಾರೆ ಬರೆದಿದ್ದೇನೆ. ಅವತ್ತಿನಿಂದ ಬ್ಯಾಕಪ್ ವರದಿ ಸರಿಯಾಗಿ ಬರುತ್ತಿದೆ. ಓದುವುದು ಬೇರೆ ಮಾತು.